ಮಂಜಿನೊಳಗೆ ಇಳಿಯುವ ಆಟ: ಸೈಲೆಂಟ್ ಹಿಲ್ 2 ರಿಮೇಕ್ ವಿಮರ್ಶೆ

ಸೈಲೆಂಟ್ ಹಿಲ್ 2 ಎಂಬ ಭಯ ಹುಟ್ಟಿಸುವ ವಿಡಿಯೊ ಆಟ ತೆರೆದುಕೊಳ್ಳುವುದು ರಸ್ತೆ ಬದಿಯ ಒಂದು ಸಾರ್ವಜನಿಕ ಶೌಚಾಲಯದಲ್ಲಿ. ಜೇಮ್ಸ್ ಸಂಡರ್‌ಲ್ಯಾಂಡ್ ಎಂಬ ಸಾಧಾರಣ ಮನುಷ್ಯನೊಬ್ಬ ಅಲ್ಲಿನ ಕೊಳೆಹಿಡಿದ ಕನ್ನಡಿಯಲ್ಲಿ ತನ್ನ ಮುಖವನ್ನೇ ದಿಟ್ಟಿಸುತ್ತ ನಿಂತಿರುತ್ತಾನೆ. ಮೂರು ವರ್ಷಗಳ ಹಿಂದೆ ಕಾಯಿಲೆಯಿಂದ ತೀರಿಕೊಂಡ ಹೆಂಡತಿ ಮೇರಿಯ ಹೆಸರಿನಲ್ಲಿ ಅವನಿಗೊಂದು ಪತ್ರ ಬಂದಿದೆ. ಹಿಂದೊಮ್ಮೆ ಇಬ್ಬರೂ ರಜೆ ಕಳೆದಿದ್ದ ಸೈಲೆಂಟ್ ಹಿಲ್ ಎಂಬ ಊರಿನಲ್ಲಿ, ತಮಗೆ ಪ್ರಿಯವಾದ ಜಾಗದಲ್ಲಿ, ತಾನು ಕಾಯುತ್ತಿದ್ದೇನೆ ಎನ್ನುತ್ತದೆ ಆ ಪತ್ರ. ಸತ್ತವರು ಪತ್ರ ಬರೆಯುವುದಿಲ್ಲ ಎಂಬುದು ಜೇಮ್ಸ್‌ಗೂ ಗೊತ್ತು. ಆದರೂ ಬಂದಿದ್ದಾನೆ. ಶೌಚಾಲಯದಿಂದ ಹೊರಬಂದರೆ ಕೆಳಗೆ ಟೊಲುಕಾ ಸರೋವರ, ಅದರಾಚೆ ಮಂಜು, ಪಕ್ಕದಲ್ಲಿ ಕಾಡಿನೊಳಗೆ ಇಳಿಯುವ ಒಂದು ಕಾಲುದಾರಿ. ಆಟಗಾರನಿಗೆ ಮಾಡಲು ಇರುವ ಕೆಲಸ ಒಂದೇ: ನಡೆಯುವುದು.

ಮೂಲ ಆಟವನ್ನು ಜಪಾನಿನ ಕೊನಾಮಿ ಕಂಪನಿಯ ಒಳಗಿನ ತಂಡವೊಂದು, ಅಭಿಮಾನಿಗಳು ಟೀಮ್ ಸೈಲೆಂಟ್ ಎಂದು ಕರೆಯುವ ತಂಡ, 2001ರಲ್ಲಿ ಪ್ಲೇಸ್ಟೇಷನ್ 2ಕ್ಕಾಗಿ ತಯಾರಿಸಿತ್ತು. ನಾನಿಲ್ಲಿ ವಿಮರ್ಶಿಸುತ್ತಿರುವುದು ಪೋಲೆಂಡಿನ ಕ್ರಾಕೋ ನಗರದ ಬ್ಲೂಬರ್ ಟೀಮ್ ಹೊಸದಾಗಿ ಕಟ್ಟಿ, 2024ರ ಅಕ್ಟೋಬರ್ 8ರಂದು ಪ್ಲೇಸ್ಟೇಷನ್ 5 ಮತ್ತು ವಿಂಡೋಸ್ ಕಂಪ್ಯೂಟರುಗಳಿಗೆ ಬಿಡುಗಡೆಯಾದ ರಿಮೇಕ್ ಅನ್ನು. ಎರಡರ ನಡುವೆ ಇಪ್ಪತ್ತಮೂರು ವರ್ಷಗಳ ಅಂತರವಿರುವುದರಿಂದಲೂ, ಹೊಸದನ್ನು ಆಡುವ ಕನ್ನಡಿಗರಲ್ಲಿ ಬಹುಪಾಲು ಜನ ಹಳೆಯದನ್ನು ಮುಟ್ಟಿರಲಾರರು ಎಂಬ ಕಾರಣದಿಂದಲೂ, ಹೋಲಿಕೆ ಅಗತ್ಯವಾದ ಕಡೆಗಳಲ್ಲಿ ಮಾತ್ರ ಹಳೆಯ ಆಟವನ್ನು ಎಳೆದು ತರುತ್ತೇನೆ. ಕಥೆಯ ಮುಖ್ಯ ರಹಸ್ಯವನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ಅದು ತಿಳಿಯದೆ ಆಡುವ ಅವಕಾಶ ಇನ್ನೂ ಉಳಿಸಿಕೊಂಡಿರುವವರು ಅದೃಷ್ಟವಂತರು.

ಮತ್ತೆ ಆ ಕಾಲುದಾರಿಗೆ ಬರೋಣ. ಅದು ಉದ್ದವಾಗಿದೆ, ಬೇಕೆಂದೇ ಉದ್ದವಾಗಿದೆ. ಹಲವು ನಿಮಿಷಗಳ ಕಾಲ ಒಂದು ದೆವ್ವವೂ ಬರುವುದಿಲ್ಲ, ಯಾರೂ ಬಾಗಿಲ ಹಿಂದಿನಿಂದ ಚೀರುತ್ತ ನೆಗೆಯುವುದಿಲ್ಲ, ಕೈಯಲ್ಲಿ ಆಯುಧವೂ ಇಲ್ಲ. ಮರಗಳು, ಒದ್ದೆ ಎಲೆಗಳ ಮೇಲೆ ಹೆಜ್ಜೆಯ ಸದ್ದು, ನಡುವೆ ಒಂದು ಪಾಳುಬಾವಿ, ಆಮೇಲೊಂದು ಸ್ಮಶಾನ. ಅಲ್ಲಿ ಸಿಗುವ ಏಂಜೆಲಾ ಎಂಬ ಹುಡುಗಿ ಈ ಊರಿನಲ್ಲಿ ಏನೋ ಸರಿಯಿಲ್ಲ ಎಂದು ಎಚ್ಚರಿಸುತ್ತಾಳೆ. ಅಪಾಯವಿದ್ದರೂ ತನಗೇನೂ ಅನ್ನಿಸದು ಎಂಬ ಧಾಟಿಯಲ್ಲಿ ಜೇಮ್ಸ್ ಮುಂದೆ ಹೋಗುತ್ತಾನೆ. ಇಷ್ಟು ಹೊತ್ತಿಗೆ ಆಟಗಾರ ಊರಿಗಿಂತ ಎಷ್ಟೋ ದೂರದಿಂದ ನಡೆದು ಬಂದಾಗಿರುತ್ತದೆ, ಹಿಂದಿರುಗುವ ಯೋಚನೆಯೇ ದಣಿವು ತರಿಸುತ್ತದೆ. ಈ ಬಗೆಯ ಆಟಗಳ ಗುಟ್ಟು ಇರುವುದು ಇಲ್ಲಿ. ಭಯವನ್ನು ನಿಮ್ಮ ಮೇಲೆ ಎಸೆಯುವ ಬದಲು, ಭಯವಿರುವ ಕಡೆಗೆ ನೀವಾಗಿಯೇ ನಡೆದು ಹೋಗುವಂತೆ ಮಾಡುವುದು. ಬಾಗಿಲನ್ನು ನೀವೇ ತೆರೆಯಬೇಕು, ಗೋಡೆಯ ತೂತಿನೊಳಗೆ ನೀವೇ ಕೈ ಹಾಕಬೇಕು. ಸಿನಿಮಾ ನೋಡುವವನಿಗೆ ಕಣ್ಣು ಮುಚ್ಚಿಕೊಳ್ಳುವ ಸೌಲಭ್ಯವಿದೆ, ಅವನು ನೋಡದಿದ್ದರೂ ರೀಲು ಓಡುತ್ತದೆ. ಇಲ್ಲಿ ನೀವು ಗುಂಡಿ ಒತ್ತದ ಹೊರತು ಏನೂ ಆಗುವುದಿಲ್ಲ, ಆದ್ದರಿಂದ ಆದದ್ದಕ್ಕೆಲ್ಲ ನಿಮ್ಮ ಕೈಯೂ ಒಂದಿಷ್ಟು ಕಾರಣ.

ಬ್ಲೂಬರ್ ಟೀಮ್ ಈ ಗುಟ್ಟನ್ನು ಅರ್ಥಮಾಡಿಕೊಂಡಿದೆಯೇ ಎಂಬುದೇ ಬಿಡುಗಡೆಗೆ ಮುನ್ನ ಎಲ್ಲರಿಗೂ ಇದ್ದ ಅನುಮಾನ. 2016ರ ಲೇಯರ್ಸ್ ಆಫ್ ಫಿಯರ್, 2021ರ ದಿ ಮೀಡಿಯಮ್ ಮುಂತಾದ ಅವರ ಹಿಂದಿನ ಆಟಗಳಲ್ಲಿ ವಾತಾವರಣ ಸೊಗಸಾಗಿತ್ತು, ಸಂಯಮ ಅಷ್ಟಾಗಿ ಇರಲಿಲ್ಲ. ಹೇಳದೆ ಬಿಡಬೇಕಾದದ್ದನ್ನು ಎರಡೆರಡು ಸಲ ಹೇಳುವ ಚಾಳಿ ಅವರಿಗಿತ್ತು. ಮೇಲಾಗಿ ಈ ಆಟಕ್ಕೆ ಪುನರ್ಜನ್ಮ ಕೊಡುವ ಒಂದು ಪ್ರಯತ್ನ ಆಗಲೇ ಕೆಟ್ಟಿತ್ತು. ಹಳೆಯ ಆಟವನ್ನೇ ಹೊಸ ಯಂತ್ರಗಳಿಗೆ ಹೊಂದಿಸಿ 2012ರಲ್ಲಿ ಹೊರತಂದ ಎಚ್‌ಡಿ ಕಲೆಕ್ಷನ್ ಅನ್ನು ಅಂತಿಮ ರೂಪದ್ದಲ್ಲದ, ಅಪೂರ್ಣವಾದ ಮೂಲ ಕೋಡ್ ಇಟ್ಟುಕೊಂಡು ಕಟ್ಟಬೇಕಾಗಿ ಬಂದು, ಅದರಲ್ಲಿ ಮಂಜೇ ತೆಳುವಾಗಿಬಿಟ್ಟಿತ್ತು; ಕಾಣಬಾರದ ಅಂಚುಗಳೆಲ್ಲ ಕಾಣತೊಡಗಿದ್ದವು. ಈ ಹಿನ್ನೆಲೆಯಲ್ಲಿ ಹೊಸ ಆಟದ ನಿರ್ದೇಶಕ ಮಾಟೆಯುಷ್ ಲೆನಾರ್ಟ್ ಮತ್ತು ಅವರ ತಂಡ ಮಾಡಿದ ಮೊದಲ ಜಾಣತನವೆಂದರೆ ಮೂಲದ ಇಬ್ಬರನ್ನು ಜೊತೆಗೆ ಕರೆದುಕೊಂಡದ್ದು: ವಿಕಾರ ಜೀವಿಗಳನ್ನು ರೂಪಿಸಿದ ಮಸಾಹಿರೊ ಇಟೊ ಮತ್ತು ಸಂಗೀತ ನೀಡಿದ ಅಕಿರಾ ಯಮಾವೊಕಾ.

ಮಂಜಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಸರಣಿಯಲ್ಲಿ ಅದು ಒಂದು ಪಾತ್ರ. 1999ರ ಮೊದಲ ಸೈಲೆಂಟ್ ಹಿಲ್ ಆಟ ಓಡುತ್ತಿದ್ದ ಹಳೆಯ ಪ್ಲೇಸ್ಟೇಷನ್‌ಗೆ ದೂರದ ಕಟ್ಟಡಗಳನ್ನು ಒಟ್ಟಿಗೆ ತೋರಿಸುವ ಶಕ್ತಿ ಇರಲಿಲ್ಲ. ಆ ಕೊರತೆಯನ್ನು ಮುಚ್ಚಲು ಊರಿಗೆಲ್ಲ ಮಂಜು ಕವಿಸಿದರು. ಎರಡನೆಯ ಆಟದ ಹೊತ್ತಿಗೆ ಯಂತ್ರದ ಶಕ್ತಿ ಸಾಕಷ್ಟು ಹೆಚ್ಚಿತ್ತು, ಆದರೂ ಮಂಜು ಉಳಿಯಿತು, ಏಕೆಂದರೆ ಅಷ್ಟರಲ್ಲಿ ಅದು ಊರಿನ ಸ್ವಭಾವವೇ ಆಗಿತ್ತು. ರಿಮೇಕ್ ಅನ್‌ರಿಯಲ್ ಎಂಜಿನ್ 5 ಎಂಬ, ಆಟ ಕಟ್ಟುವ ತಂತ್ರಾಂಶದಲ್ಲಿ ತಯಾರಾಗಿದೆ. ಇಲ್ಲಿನ ಮಂಜು ಬರಿಯ ಬಿಳಿ ಪರದೆಯಲ್ಲ; ಗಾಳಿಗೆ ಸರಿಯುತ್ತದೆ, ಓಣಿಯ ಬಾಯಲ್ಲಿ ದಟ್ಟವಾಗಿ ಬೀದಿಯ ನಡುವೆ ತೆಳುವಾಗುತ್ತದೆ, ಒಂದು ಆಕೃತಿಯನ್ನು ಅರೆಕ್ಷಣ ತೋರಿಸಿ ನುಂಗುತ್ತದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಗಾಡಿ ಓಡಿಸಿದವರಿಗೆ ಎದುರಿನ ಬಸ್ಸು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುವುದು ಗೊತ್ತಿರುತ್ತದೆ. ಇಲ್ಲಿಯೂ ಹಾಗೆಯೇ ಕಿವಿಯೇ ಮುಂದೆ, ಕಣ್ಣು ಹಿಂದೆ.

ಆ ಕಿವಿಗೆ ಆಟ ಕೊಡುವ ಸಾಧನ ಒಂದು ಪುಟ್ಟ ರೇಡಿಯೊ. ವಿಕಾರ ಜೀವಿ ಹತ್ತಿರವಿದ್ದರೆ ಅದು ಗೊರಗೊರ ಸದ್ದು ಮಾಡುತ್ತದೆ. ಮೇಲ್ನೋಟಕ್ಕೆ ಇದು ಆಟಗಾರನಿಗೆ ಮಾಡಿದ ಉಪಕಾರ. ಶತ್ರು ಬರುವುದು ಮೊದಲೇ ತಿಳಿದರೆ ಭಯ ಕಡಿಮೆಯಾಗಬೇಕಲ್ಲವೇ? ಆಗುವುದು ತದ್ವಿರುದ್ಧ. ಏನೋ ಇದೆ ಎಂದು ರೇಡಿಯೊ ಹೇಳುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. ಹಾಗಾಗಿ ಖಾಲಿ ಕೋಣೆಯೂ ಖಾಲಿಯಾಗಿ ಉಳಿಯುವುದಿಲ್ಲ. ಯಮಾವೊಕಾ ಅವರ ಸಂಗೀತದ ಹದವೂ ಇದೇ. ತುಕ್ಕು ಹಿಡಿದ ಕಬ್ಬಿಣ ಉಜ್ಜಿದಂಥ, ದೂರದಲ್ಲಿ ಯಾವುದೋ ಯಂತ್ರ ಉಸಿರಾಡಿದಂಥ ಸದ್ದುಗಳ ನಡುವೆ ಥಟ್ಟನೆ ಒಂದು ವಿಷಾದದ ಪಿಯಾನೊ ಎಳೆ ಬರುತ್ತದೆ, ಆಗ ಭಯಕ್ಕಿಂತ ದುಃಖ ದೊಡ್ಡದಾಗಿ ಕಾಣುತ್ತದೆ. ಹಳೆಯ ರಾಗಗಳನ್ನು ಅವರೇ ಹೊಸದಾಗಿ ಹದಗೊಳಿಸಿದ್ದಾರೆ. ಟಿವಿಯ ಸ್ಪೀಕರಿನಲ್ಲಿ ಇದನ್ನು ಆಡುವುದು ದಂಡ. ಹೆಡ್‌ಫೋನ್ ಬೇಕೇ ಬೇಕು.

ಇನ್ನು ಒಗಟುಗಳು. ಈ ಬಗೆಯ ಆಟಗಳಲ್ಲಿ ಒಗಟು ಎಂದರೆ ಬಾಗಿಲಿಗೆ ಅಡ್ಡಗಟ್ಟಿದ ಒಂದು ಲೆಕ್ಕ ಎಂದು ತಿಳಿದವರೇ ಹೆಚ್ಚು, ಅನೇಕ ಆಟಗಳಲ್ಲಿ ಅದು ಅಷ್ಟೇ ಆಗಿರುವುದೂ ನಿಜ. ಸೈಲೆಂಟ್ ಹಿಲ್ 2ರಲ್ಲಿ ಒಗಟು ಮಾಡುವ ಮೊದಲ ಕೆಲಸವೆಂದರೆ ನಿಮ್ಮನ್ನು ಒಂದೇ ಕಟ್ಟಡದೊಳಗೆ ಮೇಲೆ ಕೆಳಗೆ ಅಲೆದಾಡಿಸುವುದು. ವುಡ್ ಸೈಡ್ ಅಪಾರ್ಟ್‌ಮೆಂಟ್ ಎಂಬ ಪಾಳು ವಸತಿ ಕಟ್ಟಡದಲ್ಲಿ ಬಹುತೇಕ ಬಾಗಿಲುಗಳು ತೆರೆಯುವುದಿಲ್ಲ. ತೆರೆಯದ ಪ್ರತಿ ಬಾಗಿಲನ್ನೂ ಜೇಮ್ಸ್ ತನ್ನ ನಕ್ಷೆಯ ಮೇಲೆ ಕೆಂಪು ಗೆರೆ ಎಳೆದು ಗುರುತು ಮಾಡಿಕೊಳ್ಳುತ್ತಾನೆ, ಸುಳಿವು ಸಿಕ್ಕ ಕೋಣೆಗೆ ಸುತ್ತು ಹಾಕುತ್ತಾನೆ, ಬಿಡಿಸಬೇಕಾದ ಒಗಟು ಇರುವೆಡೆ ಒಂದೆರಡು ಮಾತು ಗೀಚುತ್ತಾನೆ. ಪರದೆಯ ಮೇಲೆ ದಾರಿ ತೋರುವ ಬಾಣವಿಲ್ಲ, ಮೂಲೆಯಲ್ಲಿ ಪುಟ್ಟ ನಕ್ಷೆಯಿಲ್ಲ. ಈ ಕಾಗದವನ್ನೇ ಬಿಚ್ಚಿ ನೋಡಬೇಕು. ಗಂಟೆ ಕಳೆದಂತೆ ನಕ್ಷೆ ಕೆಂಪು ಗೀಟುಗಳಿಂದ ತುಂಬುತ್ತದೆ. ಯಾವ ಬಾಗಿಲು ತೆರೆಯುತ್ತದೆ, ಯಾವ ಮೂಲೆಯಲ್ಲಿ ಏನು ಬಿದ್ದಿದೆ ಎಂಬುದು ಕ್ರಮೇಣ ಬಾಯಿಪಾಠವಾಗುತ್ತದೆ, ಮತ್ತು ಪರಿಚಿತವಾದ ಮೊಗಸಾಲೆಯಲ್ಲೇ ಒಂದು ಸಣ್ಣ ಬದಲಾವಣೆ ಕಂಡಾಗ ಆಗುವ ಕಳವಳ ಹೊಸ ಜಾಗದಲ್ಲಿ ಎಂದೂ ಆಗುವುದಿಲ್ಲ.

ಇದೇ ಕಟ್ಟಡದಲ್ಲಿ ಟಾರ್ಚ್ ಸಿಗುವ ಸಂದರ್ಭವನ್ನು ನೋಡಿ. ಕತ್ತಲ ಕೋಣೆಯೊಂದರಲ್ಲಿ ದರ್ಜಿಯ ಅಂಗಡಿಯಲ್ಲಿ ಇರುವಂಥ ಒಂದು ಬೊಂಬೆಗೆ ಹೆಂಗಸಿನ ಉಡುಪು ತೊಡಿಸಿ ನಿಲ್ಲಿಸಿದ್ದಾರೆ; ಅದು ಮೇರಿ ತೊಡುತ್ತಿದ್ದ ಬಟ್ಟೆಯಂತೆಯೇ ಇದೆ. ಇಡೀ ಕೋಣೆಗೆ ಬೆಳಕಿರುವುದು ಆ ಬೊಂಬೆಗೆ ಸಿಕ್ಕಿಸಿದ ಟಾರ್ಚಿನಿಂದ. ತೆಗೆದುಕೊಳ್ಳದೆ ಗತಿಯಿಲ್ಲ, ತೆಗೆದುಕೊಂಡರೆ ಕೋಣೆಯಲ್ಲಿ ಅಲ್ಲಿಯವರೆಗೆ ಕಂಡಿರದ ಇನ್ನೊಂದು ಆಕೃತಿ ಮಿಸುಕುತ್ತದೆ. ಹೆಂಡತಿಯ ನೆನಪು, ಬೆಳಕು, ಹಿಂಸೆ ಮೂರೂ ಒಂದೇ ವಸ್ತುವಿಗೆ ಅಂಟಿಕೊಂಡು ಬರುತ್ತವೆ. ಇದರ ಅರ್ಥವೇನೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಥೆ ಮುಗಿದ ಮೇಲೆ ಮತ್ತೆ ಈ ಕೋಣೆ ನೆನಪಾದರೆ, ಎಲ್ಲವನ್ನೂ ಆಗಲೇ ಹೇಳಿಯಾಗಿತ್ತು ಎಂಬುದು ಹೊಳೆಯುತ್ತದೆ.

ಅಪಾರ್ಟ್‌ಮೆಂಟಿನ ನಾಣ್ಯಗಳ ಒಗಟು ಹಳೆಯ ಆಟದಲ್ಲೂ ಇತ್ತು: ಮೂರು ನಾಣ್ಯ, ಐದು ಕುಳಿ, ಜೊತೆಗೊಂದು ಕವಿತೆ. ರಿಮೇಕ್ ಇದನ್ನು ಬಹಳ ಚೆನ್ನಾಗಿ ಬೆಳೆಸಿದೆ. ಈಗ ನಾಣ್ಯಗಳು ಗಂಡು, ಹೆಣ್ಣು, ಹಾವಿನವು. ಪ್ರತಿಯೊಂದಕ್ಕೂ ಎರಡು ಮುಖ, ಮಗುಚಿ ಹಾಕಿದರೆ ಚಿತ್ರದ ಅರ್ಥವೇ ಬೇರೆ. ಒಂದು ಸಲ ಸರಿಯಾಗಿ ಜೋಡಿಸಿದರೆ ಬಾಗಿಲು ತೆರೆಯುವ ಬದಲು ಕವಿತೆ ಮುಂದಿನ ಪದ್ಯಕ್ಕೆ ತಿರುಗುತ್ತದೆ, ಮತ್ತೆ ಜೋಡಿಸಬೇಕು. ಆರಂಭದಲ್ಲಿ ಯಾರದೋ ಹಳೆಯ ಕಥೆ ಎನ್ನಿಸುವ ಪದ್ಯ ಸಾಲು ಸಾಲಿಗೂ ಗಂಡಹೆಂಡಿರ ನಡುವಿನ ಒಂದು ಕ್ರೌರ್ಯದ ಕಥೆಯಾಗುತ್ತ ಹೋಗುತ್ತದೆ, ಕೊನೆಗೆ ತೀರ್ಪು ಕೊಡಬೇಕಾದವನು ಜೇಮ್ಸ್. ನಾಣ್ಯ ಮಗುಚುವ ಆ ಬೆರಳುಗಳು ಯಾರವು ಎಂಬುದು ಆಗ ಅಪ್ರಸ್ತುತ ಅನ್ನಿಸುತ್ತದೆ. ಮೊದಲ ಬಾರಿಗೆ ಆಡುವವರು ನಾಣ್ಯಗಳನ್ನು ಮಾತ್ರ ನೋಡುತ್ತಾರೆ, ಎರಡನೆಯ ಬಾರಿ ಆಡುವವರು ಬೆರಳುಗಳನ್ನು.

ಎಲ್ಲ ಒಗಟುಗಳೂ ಈ ಮಟ್ಟದವಲ್ಲ. ನೀಲಿಸ್ ಬಾರ್‌ನಲ್ಲಿರುವ ಹಾಡಿನ ಪೆಟ್ಟಿಗೆಯನ್ನು ರಿಪೇರಿ ಮಾಡಲು ಒಡೆದ ಗ್ರಾಮಫೋನ್ ತಟ್ಟೆಯ ತುಂಡುಗಳನ್ನೂ, ಕಳಚಿಹೋದ ಗುಂಡಿಯನ್ನೂ ಊರೆಲ್ಲ ಹುಡುಕಿ ತರುವ ಕೆಲಸ ಹೊಸ ಸೇರ್ಪಡೆ. ಮಂಜಿನ ಬೀದಿಗಳನ್ನು ಕಾಲಾರೆ ಸುತ್ತಲು ಅದು ಒಳ್ಳೆಯ ನೆಪ, ಅದಕ್ಕಿಂತ ಹೆಚ್ಚಿನದೇನೂ ಅಲ್ಲ. ಬ್ರೂಕ್‌ಹೇವನ್ ಆಸ್ಪತ್ರೆಯಲ್ಲಿ ಮೂವರು ರೋಗಿಗಳ ಮಣಿಕಟ್ಟಿನ ಪಟ್ಟಿಗಳನ್ನು ಹುಡುಕಿ ಸರಿಯಾದ ಕ್ರಮದಲ್ಲಿ ಒಂದು ಕೈಗೆ ತೊಡಿಸಬೇಕು. ಆ ರೋಗಿಗಳ ಕಡತಗಳನ್ನು ಓದುವಾಗ ಇದು ಜೇಮ್ಸ್‌ನಂತೆಯೇ ತಮ್ಮ ತಮ್ಮ ಸುಳ್ಳಿನೊಳಗೆ ಸಿಕ್ಕಿಕೊಂಡವರ ಕಥೆ ಎಂಬುದು ತಿಳಿಯುತ್ತದೆ, ಹಾಗಾಗಿ ಹುಡುಕಾಟಕ್ಕೆ ತೂಕ ಬರುತ್ತದೆ. ಟೊಲುಕಾ ಜೈಲಿನ ಅಂಗಳದಲ್ಲಿ ತೂಕಗಳನ್ನು ಬದಲಿಸಿ ತಕ್ಕಡಿ ಯಾವ ಕಡೆ ವಾಲುತ್ತದೋ ಆ ಕಡೆಯ ಬಾಗಿಲು ತೆರೆಸಿಕೊಳ್ಳುವ ವ್ಯವಸ್ಥೆಯಿದೆ. ಅಪರಾಧ, ತೂಕ, ನ್ಯಾಯ ಎಂಬ ಕಲ್ಪನೆ ಜೈಲಿಗೆ ಹೇಳಿಮಾಡಿಸಿದಂತಿದ್ದರೂ, ಓಡಾಟ ಮಾತ್ರ ವಿಪರೀತವಾಗಿ, ಕೊನೆಗೆ ಆ ಕಲ್ಪನೆಯೇ ಮರೆತುಹೋಗಿ ಯಾವ ತೂಕ ಎಲ್ಲಿ ಬಿಟ್ಟೆ ಎಂಬ ಲೆಕ್ಕವೊಂದೇ ಉಳಿಯುತ್ತದೆ.

ಹಳೆಯ ಆಟಕ್ಕೂ ಹೊಸದಕ್ಕೂ ಇರುವ ಅತಿ ದೊಡ್ಡ ವ್ಯತ್ಯಾಸ ಕ್ಯಾಮೆರಾ. 2001ರಲ್ಲಿ ಕ್ಯಾಮೆರಾ ಬಹುಪಾಲು ನಿರ್ದೇಶಕರ ಹಿಡಿತದಲ್ಲಿತ್ತು. ಸೂರಿನ ಮೂಲೆಯಿಂದಲೋ, ಮೊಗಸಾಲೆಯ ತುದಿಯಿಂದಲೋ ಜೇಮ್ಸ್‌ನನ್ನು ನೋಡುತ್ತಿತ್ತು, ಅವನ ಮುಂದೆ ಏನಿದೆ ಎಂಬುದನ್ನು ಅನೇಕ ಸಲ ತೋರಿಸುತ್ತಲೇ ಇರಲಿಲ್ಲ. ಯಾರೋ ತನ್ನನ್ನು ಗಮನಿಸುತ್ತಿದ್ದಾರೆ ಎಂಬ ಶಂಕೆ ಆ ಕೋನಗಳಿಂದಲೇ ಹುಟ್ಟುತ್ತಿತ್ತು. ರಿಮೇಕ್‌ನಲ್ಲಿ ಕ್ಯಾಮೆರಾ ಜೇಮ್ಸ್‌ನ ಹೆಗಲ ಹಿಂದೆ ಕೂತಿದೆ, ಎತ್ತ ಬೇಕಾದರೂ ತಿರುಗಿಸಬಹುದು. ಇದರಿಂದ ಒಂದು ನಷ್ಟವಾಗಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ: ಚೌಕಟ್ಟಿನ ಹೊರಗೆ ಏನೋ ಇದೆ ಎಂಬ ಹಳೆಯ ಭಯ ಹೋಯಿತು. ಪಡೆದದ್ದೂ ಇದೆ. ಗೋಡೆಯ ಕಾಗದ ಸುಲಿದ ಜಾಗ, ಸಿಂಕಿನಲ್ಲಿ ಕೊಳೆತ ಪಾತ್ರೆ, ಕಪಾಟಿನ ಮೇಲಿನ ಧೂಳು ಹಿಡಿದ ಮಾತ್ರೆ ಡಬ್ಬಿ, ಇಂಥವೆಲ್ಲ ಕೈಗೆಟುಕುವಷ್ಟು ಹತ್ತಿರವಾಗಿವೆ. ಕೋಣೆಗಳು ಅಷ್ಟು ಇಕ್ಕಟ್ಟಾಗಿವೆ, ಟಾರ್ಚಿನ ಬೆಳಕು ಅಷ್ಟು ಕಿರಿದಾಗಿದೆ ಎಂದರೆ, ತಿರುಗಿ ನೋಡುವ ಸ್ವಾತಂತ್ರ್ಯವೇ ಒಂದು ಹೊರೆಯಾಗುತ್ತದೆ. ನೋಡಬಹುದು ಎಂದಾದ ಮೇಲೆ ನೋಡಲೇಬೇಕಲ್ಲ. ಆದರೆ ಹತ್ತಿ ಇಳಿಯಬಹುದಾದ ಕಡೆಗಳಲ್ಲೆಲ್ಲ ಬಿಳಿ ಬಟ್ಟೆ ತೂಗುಹಾಕಿ ದಾರಿ ತೋರಿಸಿರುವುದು ನನಗೆ ಹಿಡಿಸಲಿಲ್ಲ. ನಕ್ಷೆಯನ್ನು ನಂಬಿ ಆಟಗಾರನನ್ನು ಬಿಟ್ಟ ಮೇಲೆ ಇಂಥ ಕೈಸನ್ನೆ ಬೇಕಿರಲಿಲ್ಲ.

ಈಗ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಹಳೆಯ ಆಟ ಸುಮಾರು ಎಂಟು ಗಂಟೆಯಲ್ಲಿ ಮುಗಿಯುತ್ತಿತ್ತು, ರಿಮೇಕ್ ಅದರ ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಹೆಚ್ಚಾದ ಗಂಟೆಗಳಲ್ಲಿ ಒಂದು ಪಾಲು ಹೊಸ ಕೋಣೆಗಳಿಗೂ ಒಗಟುಗಳಿಗೂ ಹೋಗಿದೆ, ಅದು ಸರಿ. ದೊಡ್ಡ ಪಾಲು ಹೊಡೆದಾಟಕ್ಕೆ ಹೋಗಿದೆ. ಹಳೆಯ ಜೇಮ್ಸ್‌ಗೆ ಹೊಡೆಯಲು ಬರುತ್ತಿರಲಿಲ್ಲ. ಮೊಳೆ ಹೊಡೆದ ಹಲಗೆಯನ್ನು ಬೀಸಿ ಅರ್ಧ ಗುರಿ ತಪ್ಪುವ, ಗಾಬರಿಗೊಂಡ ಗುಮಾಸ್ತನಂತಿದ್ದ. ಹೊಸ ಜೇಮ್ಸ್ ಪಕ್ಕಕ್ಕೆ ಜಿಗಿದು ಏಟು ತಪ್ಪಿಸಿಕೊಳ್ಳುತ್ತಾನೆ, ಕಬ್ಬಿಣದ ಪೈಪಿನಿಂದ ಬಲವಾಗಿ ಬಾರಿಸುತ್ತಾನೆ, ಗುರಿಯಿಟ್ಟು ಕಾಲಿಗೆ ಗುಂಡು ಹಾರಿಸುತ್ತಾನೆ. ಮೊದಲ ಕೆಲವು ಗಂಟೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದರಲ್ಲೂ ಎರಡು ಜೊತೆ ಕಾಲುಗಳನ್ನೇ ಒಂದರ ಮೇಲೊಂದು ಜೋಡಿಸಿದಂತಿರುವ ಮ್ಯಾನಿಕ್ವಿನ್ ಎಂಬ ಜೀವಿಗಳನ್ನು ಬ್ಲೂಬರ್ ತಂಡ ಅದ್ಭುತವಾಗಿ ಬಳಸಿಕೊಂಡಿದೆ. ಅವು ಬಾಗಿಲ ಮರೆಯಲ್ಲಿ, ಮೇಜಿನ ಹಿಂದೆ, ಗೋಡೆಗೆ ಒರಗಿ ಅಲುಗಾಡದೆ ನಿಂತಿರುತ್ತವೆ. ಪೀಠೋಪಕರಣವೋ ಜೀವಿಯೋ ಎಂದು ಟಾರ್ಚಿನ ಬೆಳಕಿನಲ್ಲಿ ತೀರ್ಮಾನಿಸುವಷ್ಟರಲ್ಲಿ ನೆಗೆಯುತ್ತವೆ.

ಆದರೆ ಅದೇ ಜೀವಿ, ಅದೇ ಮರೆ, ಅದೇ ನೆಗೆತ ಆಸ್ಪತ್ರೆಯಲ್ಲೂ ಜೈಲಿನಲ್ಲೂ ಮುಂದುವರಿದಾಗ ಭಯ ಅಭ್ಯಾಸವಾಗುತ್ತದೆ. ಪ್ರತಿ ಕೋಣೆಯ ಮೂಲೆಗೂ ಮೊದಲೇ ಪೈಪು ಬೀಸುವ ಚಾಳಿ ಬೆಳೆಯುತ್ತದೆ. ಬೀದಿಯಲ್ಲಿ ನಿಂತ ಕಾರುಗಳ ಗಾಜು ಒಡೆದು ಗುಂಡು, ಔಷಧ ಹುಡುಕುವುದು ದಿನಚರಿಯಾಗುತ್ತದೆ. ದುಃಖದಲ್ಲಿ ಮುಳುಗಿದವನೊಬ್ಬ ಊರಿನ ಕಾರುಗಳನ್ನೆಲ್ಲ ಜಪ್ತಿ ಮಾಡಿಕೊಂಡು ಹೋಗುವಂತೆ ಕಾಣುವುದು ತುಸು ನಗು ತರಿಸುತ್ತದೆ. ನಿಧಾನ ಗತಿಯ ಆಟವೊಂದರಲ್ಲಿ ಆಟಗಾರ ಕಾಯಬೇಕು, ಅನುಮಾನಿಸಬೇಕು, ಏನೂ ಆಗದ ಹೊತ್ತನ್ನು ಸಹಿಸಬೇಕು. ಹೊಡೆದಾಟ ಹೆಚ್ಚಾದಾಗ ಆಟದ ಅವಧಿ ಬೆಳೆಯುತ್ತದೆಯೇ ಹೊರತು ಆ ಕಾಯುವಿಕೆ ಬೆಳೆಯುವುದಿಲ್ಲ. ಇನ್ನೂ ಸರಿಯಾಗಿ ಹೇಳುವುದಾದರೆ, ಕಾಯುವ ಹೊತ್ತನ್ನೆಲ್ಲ ಹೊಡೆದಾಟ ನುಂಗಿಹಾಕುತ್ತದೆ. ಜೈಲಿನ ಭಾಗದಿಂದ ಮೂರನೆಯ ಒಂದರಷ್ಟು ಶತ್ರುಗಳನ್ನು ತೆಗೆದುಹಾಕಿದ್ದರೆ ಅದು ಈ ಆಟದ ಅತ್ಯಂತ ಭಯಂಕರ ಜಾಗವಾಗುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ, ಏಕೆಂದರೆ ಅಲ್ಲಿನ ಕತ್ತಲೂ ಸದ್ದೂ ಆಗಲೇ ಸಾಕಷ್ಟು ಮಾಡಿವೆ.

ಜೈಲಿಗೆ ಹೋಗುವ ದಾರಿಯನ್ನು ಮಾತ್ರ ಮೆಚ್ಚಲೇಬೇಕು. ಊರಿನ ಇತಿಹಾಸವನ್ನು ಸಂಗ್ರಹಿಸಿಟ್ಟ ಹಿಸ್ಟಾರಿಕಲ್ ಸೊಸೈಟಿ ಎಂಬ ಪುಟ್ಟ ಕಟ್ಟಡದ ಗೋಡೆಯ ಮೇಲೆ, ಈಟಿ ಹಿಡಿದು ನಿಂತ ಪಿರಮಿಡ್ ಹೆಡ್‌ನ ವರ್ಣಚಿತ್ರವಿದೆ. ಮುಖದ ಜಾಗದಲ್ಲಿ ತ್ರಿಕೋನಾಕೃತಿಯ ಭಾರೀ ಕಬ್ಬಿಣವನ್ನು ಹೊತ್ತ ಈ ಆಕೃತಿ ಅಪಾರ್ಟ್‌ಮೆಂಟಿನಿಂದಲೇ ಜೇಮ್ಸ್‌ನ ಬೆನ್ನು ಹತ್ತಿರುತ್ತದೆ. ಕಣ್ಣಿಲ್ಲ, ಬಾಯಿಲ್ಲ, ಅವಸರವೂ ಇಲ್ಲ. ಅಲ್ಲಿಂದ ಮುಂದೆ ಮೆಟ್ಟಿಲು ಕೆಳಕ್ಕೆ, ಮತ್ತೂ ಕೆಳಕ್ಕೆ ಹೋಗುತ್ತದೆ, ಆಮೇಲೆ ನೆಲದಲ್ಲೊಂದು ಕಪ್ಪು ಗುಂಡಿ. ತಳ ಕಾಣದು. ಹಳೆಯ ಆಟ ಇಲ್ಲಿ ಹಾರುತ್ತೀರಾ ಇಲ್ಲವಾ ಎಂದು ಆಟಗಾರನನ್ನೇ ಕೇಳುತ್ತಿತ್ತು. ಹೊಸದರಲ್ಲೂ ಹಾರಲು ಬಟನ್ ಒತ್ತಬೇಕಾದವರು ನೀವೇ. ಒಂದರ ಕೆಳಗೆ ಇನ್ನೊಂದು ಗುಂಡಿ, ಅದರ ಕೆಳಗೆ ಮತ್ತೊಂದು. ಯಾವ ಕಟ್ಟಡಕ್ಕೂ ಇಷ್ಟು ಆಳ ಇರಲಾರದು ಎಂದು ಬುದ್ಧಿ ಹೇಳುತ್ತಿದ್ದರೂ ಪ್ರತಿ ಸಲವೂ ಹಾರುತ್ತೀರಿ, ಏಕೆಂದರೆ ಅಷ್ಟು ದೂರ ಬಂದಾಗಿದೆ. ಒಬ್ಬ ಶತ್ರುವೂ ಇಲ್ಲದ ಈ ಕೆಲವು ನಿಮಿಷಗಳು ಇಡೀ ಜೈಲಿಗಿಂತ ಹೆಚ್ಚು ಕಾಡುತ್ತವೆ.

ಊರಿನಲ್ಲಿ ಜೇಮ್ಸ್ ಒಬ್ಬನೇ ಅಲ್ಲ. ತಾಯಿಯನ್ನು ಹುಡುಕುವ ಏಂಜೆಲಾ, ಯಾವಾಗಲೂ ತನ್ನನ್ನು ಸಮರ್ಥಿಸಿಕೊಳ್ಳುವ ಎಡ್ಡಿ, ಮೇರಿಯನ್ನು ಬಲ್ಲೆ ಎನ್ನುವ ಎಂಟು ವರ್ಷದ ಲಾರಾ, ರೋಸ್‌ವಾಟರ್ ಪಾರ್ಕಿನಲ್ಲಿ ಎದುರಾಗುವ, ಮೇರಿಯ ಪಡಿಯಚ್ಚಿನಂತಿದ್ದೂ ಸ್ವಭಾವದಲ್ಲಿ ಅವಳಿಗೆ ತದ್ವಿರುದ್ಧಳಾದ ಮರಿಯಾ. ಒಂದೇ ಊರು ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಕಾಣುತ್ತದೆ ಎಂಬುದು ಕಥೆಯ ತಿರುಳು. ಲಾರಾಳ ಮನಸ್ಸಿನಲ್ಲಿ ಯಾವ ಪಾಪಪ್ರಜ್ಞೆಯೂ ಇಲ್ಲ; ಅವಳು ಆ ಭಯಾನಕ ಆಸ್ಪತ್ರೆಯಲ್ಲಿ ಆಟದ ಮೈದಾನದಲ್ಲಿ ಓಡಾಡುವಂತೆ ಓಡಾಡುತ್ತಾಳೆ. ಏಂಜೆಲಾ ಉರಿಯುವ ಮೆಟ್ಟಿಲುಗಳ ಮೇಲೆ ನಿಂತಿರುತ್ತಾಳೆ, ತನಗೆ ಯಾವಾಗಲೂ ಹೀಗೆಯೇ ಎನ್ನುತ್ತಾಳೆ. ಜೇಮ್ಸ್ ಪಾತ್ರಕ್ಕೆ ಲ್ಯೂಕ್ ರಾಬರ್ಟ್ಸ್, ಮೇರಿ ಮತ್ತು ಮರಿಯಾ ಎರಡಕ್ಕೂ ಸಲೋಮೆ ಗುನ್ನರ್ಸ್‌ದೋತಿರ್, ಲಾರಾಗೆ ಈವಿ ಟೆಂಪಲ್‌ಟನ್ ಧ್ವನಿ ಮತ್ತು ಅಭಿನಯ ನೀಡಿದ್ದಾರೆ. ಹಳೆಯ ಆಟದ ಮಾತುಗಾರಿಕೆ ವಿಚಿತ್ರವಾಗಿತ್ತು, ನಿದ್ದೆಗಣ್ಣಿನಲ್ಲಿ ಮಾತಾಡಿದಂತೆ, ಉತ್ತರಕ್ಕೂ ಪ್ರಶ್ನೆಗೂ ನಡುವೆ ಒಂದು ಖಾಲಿ ಜಾಗವಿದ್ದಂತೆ. ಅದನ್ನೇ ಪ್ರೀತಿಸಿದವರಿಗೆ ಹೊಸ ಅಭಿನಯ ತೀರ ಸಹಜವೆನಿಸಬಹುದು. ನನ್ನ ಅಭಿಪ್ರಾಯದಲ್ಲಿ ರಾಬರ್ಟ್ಸ್ ಅವರ ಮುಖ ಈ ಆಟದ ಅತಿ ದೊಡ್ಡ ಗಳಿಕೆ: ಮಾತಾಡುವ ಮೊದಲು ತುಟಿ ಅಲುಗುವ ರೀತಿಯಲ್ಲೇ ಈ ಮನುಷ್ಯ ತನಗೆ ತಾನೇ ಏನನ್ನೋ ಬಚ್ಚಿಡುತ್ತಿದ್ದಾನೆ ಎಂಬುದು ಗೊತ್ತಾಗುತ್ತದೆ.

ಆಟದ ಮುಕ್ತಾಯಗಳ ಬಗ್ಗೆ ಒಂದು ಮಾತು, ಕಥೆ ಒಡೆಯದೆ. ರಿಮೇಕ್‌ನಲ್ಲಿ ಎಂಟು ಮುಕ್ತಾಯಗಳಿವೆ, ಅದರಲ್ಲಿ ಎರಡು ಹೊಸವು. ಕೆಲವು ಮೊದಲ ಸಲ ಆಡುವಾಗ ಸಿಗುವುದೇ ಇಲ್ಲ. ಮುಖ್ಯವಾದವನ್ನು ಆಯ್ದುಕೊಳ್ಳಲು ಆಟ ನಿಮ್ಮೆದುರು ಪ್ರಶ್ನೆಪತ್ರಿಕೆ ಹಿಡಿಯುವುದಿಲ್ಲ, ನೀವು ಹೇಗೆ ಆಡಿದಿರಿ ಎಂಬುದನ್ನು ಸದ್ದಿಲ್ಲದೆ ಗಮನಿಸುತ್ತಿರುತ್ತದೆ. ಗಾಯಗೊಂಡ ಜೇಮ್ಸ್‌ಗೆ ಬೇಗ ಔಷಧ ಕುಡಿಸುತ್ತೀರಾ, ಹಾಗೆಯೇ ಕುಂಟುತ್ತ ನಡೆಸುತ್ತೀರಾ? ಜೇಬಿನಲ್ಲಿರುವ ಮೇರಿಯ ಫೋಟೊವನ್ನು, ಅವಳ ಪತ್ರವನ್ನು ಮತ್ತೆ ತೆರೆದು ನೋಡುತ್ತೀರಾ? ಏಂಜೆಲಾ ಕೈಯಿಂದ ಪಡೆದ ಚಾಕುವನ್ನು ಕಾರಣವಿಲ್ಲದೆ ತಿರುಗಿಸಿ ನೋಡುತ್ತೀರಾ? ಮರಿಯಾಳನ್ನು ಎಷ್ಟು ಜೋಪಾನ ಮಾಡುತ್ತೀರಿ? ಇಂಥ ಲಕ್ಷ್ಯವಿಲ್ಲದೆ ಮಾಡುವ ಸಣ್ಣ ಕೆಲಸಗಳನ್ನು ಒಟ್ಟುಗೂಡಿಸಿ, ಈ ಮನುಷ್ಯನಿಗೆ ಬದುಕುವ ಇಚ್ಛೆ ಇದೆಯೇ ಇಲ್ಲವೇ ಎಂದು ಆಟ ತೀರ್ಮಾನಿಸುತ್ತದೆ. ಇಪ್ಪತ್ತು ವರ್ಷಗಳಲ್ಲಿ ಆಟಗಾರನ ಆಯ್ಕೆಯ ಬಗ್ಗೆ ದೊಡ್ಡ ಮಾತಾಡಿದ ಎಷ್ಟೋ ಆಟಗಳು ಬಂದುಹೋದವು. ಕೇಳದೆಯೇ ಉತ್ತರ ಪಡೆಯುವ ಈ ಉಪಾಯವನ್ನು ಇಷ್ಟು ಸೂಕ್ಷ್ಮವಾಗಿ ಬಳಸಿದ ಇನ್ನೊಂದು ಆಟ ನನಗೆ ಗೊತ್ತಿಲ್ಲ. ಆದ್ದರಿಂದಲೇ ಮೊದಲ ಸಲ ಆಡುವವರು ಯಾವ ಮುಕ್ತಾಯಕ್ಕೆ ಏನು ಮಾಡಬೇಕೆಂಬ ಪಟ್ಟಿಯನ್ನು ಮುಂಚಿತವಾಗಿ ಓದಬಾರದು. ಓದಿದರೆ ನಿಮ್ಮ ಸ್ವಭಾವದ ಬದಲು ಪಟ್ಟಿಯೇ ಆಡುತ್ತದೆ.

ರಿಮೇಕ್ ತನ್ನನ್ನು ತಾನು ಹೇಗೆ ಕಾಣುತ್ತದೆ ಎಂಬುದಕ್ಕೂ ಒಂದು ಸ್ವಾರಸ್ಯದ ಸುಳಿವಿದೆ. ಊರಿನ ಮೂಲೆ ಮೂಲೆಗಳಲ್ಲಿ 26 ವಿಚಿತ್ರ ಫೋಟೊಗಳು ಚದುರಿವೆ. ಅವುಗಳ ಮೇಲಿನ ಬರಹವನ್ನೂ ಚಿತ್ರದಲ್ಲಿರುವ ವಸ್ತುಗಳನ್ನೂ ಎಣಿಸಿ ಅಕ್ಷರಗಳನ್ನು ಹೆಕ್ಕಿದರೆ, ನೀನು ಇಲ್ಲಿ ಎರಡು ದಶಕಗಳಿಂದ ಇದ್ದೀಯ ಎಂಬರ್ಥದ ವಾಕ್ಯ ಸಿಗುತ್ತದೆ. ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಅಭಿಮಾನಿಯೊಬ್ಬರು ಇದನ್ನು ಬಿಡಿಸಿದರು. ಹಳೆಯ ಒಗಟುಗಳ ವಸ್ತುಗಳು ತಮ್ಮ ಹಳೆಯ ಜಾಗದಲ್ಲಿ ಈಗ ನಿರುಪಯುಕ್ತವಾಗಿ ಬಿದ್ದಿರುತ್ತವೆ, ಮುಟ್ಟಿದರೆ ಜೇಮ್ಸ್‌ಗೆ ಏನೋ ನೆನಪಾದಂತೆ ಒಂದು ಸದ್ದು ಮೂಡಿ ಮಾಯವಾಗುತ್ತದೆ. ಇದನ್ನು ಹಳೆಯ ಅಭಿಮಾನಿಗಳಿಗೆ ಇಟ್ಟ ತಾಂಬೂಲ ಎಂದು ಬದಿಗಿಡಬಹುದಿತ್ತು. ಆದರೆ ಜೇಮ್ಸ್ ಈ ಊರನ್ನು ಮತ್ತೆ ಮತ್ತೆ ಸುತ್ತುತ್ತಲೇ ಇದ್ದಾನೆ, ನೀವು ಆಡಿದ ಹಳೆಯ ಆಟವೂ ಅಂಥ ಒಂದು ಸುತ್ತು ಎಂದು ಅರ್ಥೈಸಲು ಇಲ್ಲಿ ಸಾಕಷ್ಟು ಆಧಾರವಿದೆ, ಹಾಗೆ ಓದಿದರೆ ರಿಮೇಕ್ ಎಂಬ ವ್ಯಾಪಾರಕ್ಕೇ ಒಂದು ಕಥೆಯೊಳಗಿನ ಕಾರಣ ಸಿಕ್ಕಂತಾಗುತ್ತದೆ. ಹಳೆಯ ಆಟದ ನಂತರದ ಆವೃತ್ತಿಗಳಲ್ಲಿ ಸೇರಿದ್ದ, ಮರಿಯಾಳ ಪಾತ್ರ ವಹಿಸಿ ಆಡುವ ಬಾರ್ನ್ ಫ್ರಮ್ ಎ ವಿಶ್ ಎಂಬ ಸಣ್ಣ ಅಧ್ಯಾಯ ಬಿಡುಗಡೆಯ ಹೊತ್ತಿಗೆ ಇಲ್ಲಿ ಇರಲಿಲ್ಲ ಎಂಬುದು ಮಾತ್ರ ಕೊರತೆಯೇ.

ಕೊಳ್ಳುವವರಿಗೆ ಕೆಲವು ವ್ಯಾವಹಾರಿಕ ವಿಷಯಗಳು. ಪ್ಲೇಸ್ಟೇಷನ್ 5ರಲ್ಲಿ ಚಿತ್ರದ ಗುಣಮಟ್ಟಕ್ಕೆ ಒತ್ತು ಕೊಡುವ ಒಂದು ಮೋಡ್, ಚಲನೆಯ ನಯಕ್ಕೆ ಒತ್ತು ಕೊಡುವ ಇನ್ನೊಂದು ಮೋಡ್ ಇವೆ; ಎರಡನೆಯದನ್ನೇ ಆರಿಸಿಕೊಳ್ಳಿ, ಕತ್ತಲಲ್ಲಿ ಟಾರ್ಚು ತಿರುಗಿಸುವಾಗ ವ್ಯತ್ಯಾಸ ತಿಳಿಯುತ್ತದೆ. ಕಂಪ್ಯೂಟರಿನಲ್ಲಿ ಆಡುವವರು ಸುಮಾರು 50 ಜಿಬಿ ಜಾಗವನ್ನೂ 16 ಜಿಬಿ ರ‍್ಯಾಮ್ ಅನ್ನೂ ಇಟ್ಟುಕೊಂಡಿರಬೇಕು. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಆಡಬಹುದಾದ ಆಟವಲ್ಲ ಇದು. ಯುರೋಪಿನ ಪೆಗಿ ವ್ಯವಸ್ಥೆ ಇದಕ್ಕೆ 18 ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತು ಕೊಟ್ಟಿದೆ, ಅದು ರಕ್ತದ ಕಾರಣಕ್ಕೆ ಮಾತ್ರವಲ್ಲ. ಆತ್ಮಹತ್ಯೆ, ಮನೆಯೊಳಗಿನ ಲೈಂಗಿಕ ದೌರ್ಜನ್ಯ, ದೀರ್ಘ ಕಾಯಿಲೆಯವರನ್ನು ನೋಡಿಕೊಳ್ಳುವವರ ಒಳಗಿನ ಕಹಿ, ಇವೆಲ್ಲ ಕಥೆಯ ಅಂಚಿನಲ್ಲಿ ಇಲ್ಲ, ಮಧ್ಯದಲ್ಲಿವೆ. ಮನೆಯಲ್ಲಿ ಇತ್ತೀಚೆಗೆ ಯಾರದಾದರೂ ಸಾವು ಕಂಡವರು ಇದನ್ನು ಸ್ವಲ್ಪ ಕಾಲ ಮುಂದೂಡುವುದು ಒಳ್ಳೆಯದು.

ಭಾಷೆಯ ತೊಡಕೂ ಇದೆ. ಆಟದಲ್ಲಿ ಕನ್ನಡದ ಉಪಶೀರ್ಷಿಕೆ ಇಲ್ಲ, ಮತ್ತು ಇಲ್ಲಿನ ಒಗಟುಗಳು ಇಂಗ್ಲಿಷಿನ ಪದ್ಯಗಳ ಮೇಲೆ ನಿಂತಿವೆ. ಮಾತು ಅರ್ಥವಾದರೆ ಸಾಲದು, ಸಾಲುಗಳ ಒಳಾರ್ಥ ಹಿಡಿಯಬೇಕು. ಇದಕ್ಕೆ ಪರಿಹಾರವನ್ನು ಆಟವೇ ಇಟ್ಟಿದೆ: ಹೊಡೆದಾಟದ ಕಷ್ಟವನ್ನೂ ಒಗಟಿನ ಕಷ್ಟವನ್ನೂ ಬೇರೆ ಬೇರೆಯಾಗಿ, ಮೂರು ಹಂತಗಳಲ್ಲಿ ಆರಿಸಿಕೊಳ್ಳಬಹುದು. ಸುಲಭದ ಹಂತದಲ್ಲಿ ಪದ್ಯದ ಸುಳಿವುಗಳು ನೇರವಾಗುತ್ತವೆ, ಕಠಿಣದಲ್ಲಿ ಮರೆಯಾಗುತ್ತವೆ. ಇಂಗ್ಲಿಷ್ ಕವಿತೆಯ ಜೊತೆ ಗುದ್ದಾಡಲು ತಾಳ್ಮೆಯಿರುವವರಿಗೆ ನನ್ನ ಶಿಫಾರಸು ಸ್ಪಷ್ಟ: ಒಗಟನ್ನು ಕಠಿಣಕ್ಕೆ ಇಡಿ, ಹೊಡೆದಾಟವನ್ನು ಅತ್ಯಂತ ಹಗುರಕ್ಕೆ ಇಳಿಸಿ. ಹಾಗೆ ಮಾಡಿದರೆ ಮ್ಯಾನಿಕ್ವಿನ್‌ಗಳು ಒಂದೆರಡು ಏಟಿಗೆ ಬೀಳುತ್ತವೆ, ಜೈಲಿನ ಬಳಲಿಕೆ ಅರ್ಧಕ್ಕರ್ಧ ಇಳಿಯುತ್ತದೆ, ನಾಣ್ಯಗಳ ಮುಂದೆ ಕೂತು ಯೋಚಿಸುವ ಹೊತ್ತು ಹೆಚ್ಚುತ್ತದೆ. ಆಟದ ಪೆಟ್ಟಿಗೆಯಲ್ಲಿ ಬರುವ ಸಾಧಾರಣ ಹಂತಕ್ಕಿಂತ ಈ ಜೋಡಣೆಯಲ್ಲೇ 2001ರ ಆಟದ ಗತಿ ಹೆಚ್ಚಾಗಿ ಉಳಿದಿದೆ.